ಹಂಸ, ಆನ್ಸೆರ್, ಅಂಚೆ

ಲ್ಯಾಟಿನ್ ಭಾಷೆಯಲ್ಲಿ ಹೆಬ್ಬಾತಿಗೆ ‘ಆನ್ಸೆರ್’ ಎಂದು ಹೆಸರು. ಕೇಳಿದೊಡನೆ ಅಪರಿಚಿತವೆನಿಸುವ ಈ ಪದ ಸಂಸ್ಕೃತದ ‘ಹಂಸ’ ಶಬ್ದದ ಒಡಹುಟ್ಟು. ಗ್ರೀಕಿನ ‘ಖೇನ್’, ಜರ್ಮನ್ನಿನ ‘ಗಾನ್ಸ್’, ಇಂಗ್ಲಿಷಿನ ‘ಗೂಸ್’ ಇದೇ ಕುಲದವು. ಇವೆಲ್ಲವೂ ಒಂದೇ ಇಂಡೋ-ಯುರೋಪಿಯನ್ ಮೂಲರೂಪದಿಂದ ಕವಲೊಡೆದಿವೆ.

ಆ ಮೂಲರೂಪದ ಆದಿವ್ಯಂಜನ ಸಂಸ್ಕೃತದಲ್ಲಿಯೂ ಲ್ಯಾಟಿನ್ನಿನಲ್ಲಿಯೂ ಹಕಾರವಾಗುವುದು ನಿಯಮ. ಚಳಿಗಾಲವೆಂಬ ಅರ್ಥದ ಲ್ಯಾಟಿನ್ ‘ಹಿಯೆಮ್ಸ್’, ಸಂಸ್ಕೃತದ ‘ಹಿಮ’ ಇದಕ್ಕೆ ಸಾಕ್ಷಿ. ಅದರಂತೆ ‘ಹಾನ್ಸೆರ್’ ಎಂದಿರಬೇಕಾಗಿದ್ದ ಪದ ಹಕಾರವನ್ನು ಕಳೆದುಕೊಂಡಿದೆ. ಹಳ್ಳಿಗರ ಲ್ಯಾಟಿನ್ನಿನಲ್ಲಿ ಹಕಾರ ಬೇಗ ಲೋಪವಾಯಿತು; ಸಾಕುಹಕ್ಕಿಯ ಹೆಸರು ಹಳ್ಳಿಯ ಉಚ್ಚಾರಣೆಯಲ್ಲಿಯೇ ರೋಮಿನಲ್ಲಿ ನೆಲೆಗೊಂಡಿತೆಂಬುದು ಭಾಷಾವಿಜ್ಞಾನಿಗಳ ವಿವರಣೆ. ಇತ್ತ ಹಂಸವು ಹಳಗನ್ನಡದಲ್ಲಿ ಹಕಾರವನ್ನು ತೊರೆದು ‘ಅಂಚೆ’ ಎಂಬ ತದ್ಭವವಾಯಿತು. ಪರಸ್ಪರ ಅರಿಯದ ಎರಡು ನಾಡುಗಳಲ್ಲಿ ಒಂದೇ ಹಕ್ಕಿಯ ಹೆಸರು ಒಂದೇ ಅಕ್ಷರವನ್ನು ಕಳಚಿಕೊಂಡಿತು.

ಕ್ರಿ.ಪೂ. 390ರಲ್ಲಿ ಗಾಲರು ರಾತ್ರಿಯಲ್ಲಿ ಕ್ಯಾಪಿಟಲ್ ಗುಡ್ಡವನ್ನು ಏರಿದಾಗ, ಜೂನೋ ದೇವಿಗೆ ಮೀಸಲಾದ ಹೆಬ್ಬಾತುಗಳ ಕೂಗು ಕಾವಲುಗಾರರನ್ನು ಎಚ್ಚರಿಸಿತೆಂದು ಇತಿಹಾಸಕಾರ ಲಿವಿ ಬರೆದಿದ್ದಾನೆ. ರೋಮನ್ನು ಕಾಪಾಡಿದ ಆ ಹಕ್ಕಿಯ ಹೆಸರನ್ನು ಮಾತ್ರ ರೋಮನರ ಆಡುನುಡಿ ಕಾಪಾಡಲಿಲ್ಲ. ಹಕ್ಕಿ ಎಂಬ ಸಾಮಾನ್ಯಾರ್ಥದ ‘ಆವಿಸ್’ (ಸಂಸ್ಕೃತದ ‘ವಿ’ ಶಬ್ದದ ಬಂಧು) ‘ಆವಿಕಾ’, ‘ಔಕಾ’ ಎಂದು ರೂಪಾಂತರಗೊಂಡು ಅದರ ಸ್ಥಾನವನ್ನು ಆಕ್ರಮಿಸಿತು. ಇಟಲಿಯ ‘ಓಕಾ’, ಫ್ರೆಂಚಿನ ‘ವಾ’ ಅದರಿಂದಲೇ ಹುಟ್ಟಿದವು. ಆನ್ಸೆರ್ ಶಬ್ದ ಸ್ಪ್ಯಾನಿಷಿನ ‘ಆನ್ಸಾರ್’ ರೂಪದಲ್ಲಿ ಉಳಿದಿದೆ.

ವ್ಯಾಕರಣದಲ್ಲಿ ಆನ್ಸೆರ್ ತೃತೀಯ ವರ್ಗದ ನಾಮಪದ; ಷಷ್ಠಿಯಲ್ಲಿ ‘ಆನ್ಸೆರಿಸ್’, ಬಹುವಚನದಲ್ಲಿ ‘ಆನ್ಸೆರೇಸ್’. ಸಾಮಾನ್ಯವಾಗಿ ಪುಲ್ಲಿಂಗ. ಬಾತುಕೋಳಿಯ ಹೆಸರಾದ ‘ಆನಾಸ್’ ಸ್ತ್ರೀಲಿಂಗ. ವಿಶೇಷಣವು ನಾಮಪದದ ಲಿಂಗವನ್ನು ಅನುಸರಿಸಬೇಕು. 1790ರಲ್ಲಿ ಜಾನ್ ಲೇಥಮ್ ಭಾರತದ ಪಟ್ಟೆತಲೆ ಹೆಬ್ಬಾತನ್ನು ಬಾತುಕೋಳಿಯ ಕುಲಕ್ಕೆ ಸೇರಿಸಿ ‘ಆನಾಸ್ ಇಂಡಿಕಾ’ ಎಂದು ಹೆಸರಿಸಿದ. ಮುಂದೆ ಆನ್ಸೆರ್ ಕುಲಕ್ಕೆ ಸೇರಿದಾಗ ‘ಇಂಡಿಕಾ’ ‘ಇಂಡಿಕಸ್’ ಆಗಬೇಕಾಯಿತು. ಹಕ್ಕಿ ಬದಲಾಗಲಿಲ್ಲ, ನಾಡೂ ಬದಲಾಗಲಿಲ್ಲ; ಬದಲಾದುದು ಪ್ರತ್ಯಯವೊಂದೇ.

ಪ್ರತಿ ಚಳಿಗಾಲ ಹಿಮಾಲಯವನ್ನು ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುವುದು ಇದೇ ‘ಆನ್ಸೆರ್ ಇಂಡಿಕಸ್’. ಅದರ ಹೆಸರಿನ ಪೂರ್ವಪದ ಹಂಸದ ದಾಯಾದಿ. ಉತ್ತರಪದದ ಕೊನೆಯಲ್ಲಿ ಆಡುವವರಿಲ್ಲದ ಭಾಷೆಯೊಂದರ ಲಿಂಗನಿಯಮ ಇಂದಿಗೂ ಜೀವಂತವಾಗಿದೆ.