ರೆಜಾಂಗ್ ಲಾದ ಸಾಕ್ಷ್ಯ

ಲಡಾಖಿನ ಚುಶೂಲನ್ನು ಕಾಯುವ ರೆಜಾಂಗ್ ಲಾ ಎಂಬ ಗಿರಿಮಾರ್ಗದಲ್ಲಿ ೧೯೬೨ನೆಯ ಇಸವಿ ನವೆಂಬರ್ ೧೮ರ ಮುಂಜಾವಿನಲ್ಲಿ ಚೀನೀಯರನ್ನು ಇದಿರಿಸಿದುದು ೧೩ನೆಯ ಕುಮಾಊಂ ಪಟಾಲಮಿನ ಒಂದು ತುಕಡಿ. ಅದರಲ್ಲಿದ್ದವರು ಸುಮಾರು ೧೨೦ ಮಂದಿ, ಬಹುಮಟ್ಟಿಗೆ ಆಹೀರರು. ನಾಯಕರು ಜೋಧಪುರ ಸೀಮೆಯ ಮೇಜರ್ ಶೈತಾನ್ ಸಿಂಗರು. ನಡುವೆ ಬೆಟ್ಟವೊಂದು ಅಡ್ಡವಾಗಿದ್ದುದರಿಂದ ಹಿಂದಿನ ಫಿರಂಗಿಗಳ ನೆರವು ಈ ತುಕಡಿಗೆ ದೊರೆಯುವಂತಿರಲಿಲ್ಲ. ಒಂದು ನೆಲೆಯಿಂದ ಇನ್ನೊಂದಕ್ಕೆ ಹೋಗಿ ಸೈನಿಕರಿಗೆ ಧೈರ್ಯ ತುಂಬುತ್ತಿದ್ದ ಮೇಜರರು ಕಠಿನವಾಗಿ ಗಾಯಗೊಂಡರು. ಹೊತ್ತು ಒಯ್ಯುತ್ತಿದ್ದವರ ಮೇಲೂ ಗುಂಡು ಬೀಳತೊಡಗಲು, ತಮ್ಮನ್ನು ಅಲ್ಲಿಯೇ ಬಿಟ್ಟು ಹೋಗುವಂತೆ ಆಜ್ಞಾಪಿಸಿದರು. ಅಲ್ಲಿಂದ ಮುಂದೆ ಅವರು ಕಾಣೆಯಾದವರ ಲೆಕ್ಕಕ್ಕೆ ಸಂದರು.

ಉಳಿದು ಬಂದ ಕೆಲವೇ ಮಂದಿ ಹೇಳಿದ ವೃತ್ತಾಂತವನ್ನು ಮೊದಲು ಹಲವರು ನಂಬಲಿಲ್ಲ. ಸೋಲಿನ ವಾರ್ತೆಗಳೇ ತುಂಬಿದ್ದ ಆ ದಿನಗಳಲ್ಲಿ ಅದು ಅತಿಶಯೋಕ್ತಿಯೆಂದು ತೋರಿದುದು ಸಹಜವಾದರೂ ನ್ಯಾಯವಾಗಿರಲಿಲ್ಲ. ಕಾಣೆಯಾದವರ ವಿಷಯದಲ್ಲಿ ಊಹೆ ತಪ್ಪುವುದುಂಟು: ಅದೇ ಯುದ್ಧದಲ್ಲಿ ಸಿರಿಜಾಪ್ ಠಾಣೆಯನ್ನು ಕಾದ ಮೇಜರ್ ಧನ್ ಸಿಂಗ್ ಥಾಪಾ ಅವರು ಮಡಿದರೆಂದೇ ಎಣಿಸಿದ್ದು, ೧೯೬೩ರಲ್ಲಿ ಅವರು ಸೆರೆಯಿಂದ ಜೀವಸಹಿತ ಮರಳಿದರು. ರೆಜಾಂಗ್ ಲಾದಲ್ಲಿಯಾದರೋ ಸಾಕ್ಷ್ಯವನ್ನು ಹಿಮವೇ ಕಾಪಾಡಿತ್ತು. ೧೯೬೩ರ ಫೆಬ್ರುವರಿಯಲ್ಲಿ ಅಲ್ಲಿಗೆ ಹೋದವರಿಗೆ, ಕಂದಕಗಳಲ್ಲಿ ಆಯುಧ ಹಿಡಿದಂತೆಯೇ ಹೆಪ್ಪುಗಟ್ಟಿದ್ದ ಸೈನಿಕರು ಕಂಡರು. ಮೇಜರರ ದೇಹವೂ ದೊರೆಯಿತು. ಅವಿಶ್ವಾಸಕ್ಕೆ ಆಸ್ಪದವುಳಿಯಲಿಲ್ಲ. ಪರಮವೀರ ಚಕ್ರದಿಂದ ಗೌರವಿಸಲ್ಪಟ್ಟ ಶೈತಾನ್ ಸಿಂಗರಿಗೆ ಜೋಧಪುರದಲ್ಲಿ ಅಂತ್ಯಸಂಸ್ಕಾರವಾಯಿತು. ಅವರ ಸೈನಿಕರ ಚಿತೆ ಚುಶೂಲಿನಲ್ಲಿಯೇ ಉರಿಯಿತು.