ಸುಳ್ಳಿನ ಓಟ, ಸತ್ಯದ ನಡಿಗೆ

ದೀಪ ಹಚ್ಚಿದಲ್ಲಿ ಬೆಳಕಿನೊಡನೆ ಹೊಗೆಯೂ ಏಳುತ್ತದೆ. ಅರಿವನ್ನು ಹಂಚುವ ಸಾಧನಗಳ ಇತಿಹಾಸವೂ ಹೀಗೆಯೇ. ನಮ್ಮ ದೇಶದಲ್ಲಿ ಅಂತರ್ಜಾಲವು ಸಾರ್ವಜನಿಕರ ಬಳಕೆಗೆ ಬಂದದ್ದು 1995ರ ಆಗಸ್ಟ್ 15ರಂದು. ಅಂದಿನಿಂದ ಇಂದಿನವರೆಗೆ ಅದು ನೀಡಿರುವ ಉಪಕಾರ ಅಲ್ಪವಲ್ಲ. ಪಹಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದ ರೈತನು ಇಂದು ಅದನ್ನು ಮೊಬೈಲಿನಲ್ಲಿಯೇ ನೋಡಬಲ್ಲನು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ನಮ್ಮ ನುಡಿಯಲ್ಲಿಯೇ ವಿಶ್ವಕೋಶವನ್ನು ತೆರೆದಿಟ್ಟಿತು. 2020ರಲ್ಲಿ ಶಾಲೆಗಳ ಬಾಗಿಲು ಮುಚ್ಚಿದಾಗ ಅನೇಕ ಮಕ್ಕಳಿಗೆ ಪಾಠ ತಲುಪಿದ್ದು ಈ ಮಾರ್ಗದಿಂದಲೇ. ಇದು ಬೆಳಕಿನ ಮಾತು. ಹೊಗೆಯ ಮಾತನ್ನು ತಿಳಿಯಬೇಕಾದರೆ ನಾವು ಐದು ಶತಮಾನಗಳಷ್ಟು ಹಿಂದಕ್ಕೆ ಹೋಗಬೇಕು.

ಗುಟೆನ್‌ಬರ್ಗನು ಬೈಬಲನ್ನು ಅಚ್ಚುಮಾಡಿ ಇಪ್ಪತ್ತು ವರ್ಷಗಳು ಕಳೆದಿದ್ದವಷ್ಟೇ. 1475ರ ಪವಿತ್ರ ವಾರದಲ್ಲಿ ಉತ್ತರ ಇಟಲಿಯ ಟ್ರೆಂಟ್ ಪಟ್ಟಣದಲ್ಲಿ ಸಿಮೋನ್ ಎಂಬ ಎಳೆಯ ಬಾಲಕನು ಕಾಣೆಯಾಗಿ, ಶವವಾಗಿ ದೊರೆತನು. ಯೆಹೂದ್ಯರು ತಮ್ಮ ಆಚರಣೆಗಾಗಿ ಮಗುವನ್ನು ಕೊಂದರೆಂಬ ವದಂತಿ ಹಬ್ಬಿತು. ಆ ಪಟ್ಟಣದ ಯೆಹೂದ್ಯರನ್ನು ಬಂಧಿಸಿ, ಚಿತ್ರಹಿಂಸೆಯಿಂದ ತಪ್ಪೊಪ್ಪಿಗೆ ಪಡೆದು, ಹಲವರಿಗೆ ಮರಣದಂಡನೆ ವಿಧಿಸಲಾಯಿತು. ತನಿಖೆಗೆಂದು ರೋಮಿನಿಂದ ಬಂದ ಧರ್ಮಾಧ್ಯಕ್ಷರು ಆ ಆರೋಪವನ್ನು ನಂಬಲಿಲ್ಲ. ಆದರೆ ಅಷ್ಟರಲ್ಲಿ ಆಗಷ್ಟೇ ಕಣ್ತೆರೆದಿದ್ದ ಮುದ್ರಣಕಲೆಯು ಆ ಕಥೆಯನ್ನು ಚಿತ್ರಸಮೇತವಾಗಿ ಊರೂರಿಗೆ ಹೊತ್ತೊಯ್ದಿತ್ತು. ಬಾಲಕನು ಹುತಾತ್ಮನೆಂದು ಜನರಿಂದ ಪೂಜಿತನಾದನು. ಧರ್ಮಸಭೆಯು ಆ ಪೂಜ್ಯತೆಯನ್ನು ರದ್ದುಪಡಿಸಿದ್ದು 1965ರಲ್ಲಿ. ಕೆಲವೇ ವಾರಗಳಲ್ಲಿ ಹಬ್ಬಿದ ಸುಳ್ಳನ್ನು ಅಳಿಸಲು 490 ವರ್ಷಗಳು ಬೇಕಾದವು!

ಇನ್ನು ನಮ್ಮ ನಾಡಿಗೆ ಬರೋಣ. 2012ರ ಜುಲೈಯಲ್ಲಿ ಅಸ್ಸಾಮಿನ ಕೊಕ್ರಾಝಾರ್ ಪ್ರದೇಶದಲ್ಲಿ ಹಿಂಸಾಚಾರ ನಡೆಯಿತು. ಅದರ ಬೆನ್ನಲ್ಲೇ ಬೇರೆ ದೇಶ, ಬೇರೆ ಕಾಲಗಳ ದುರಂತಗಳ ಚಿತ್ರಗಳು ಹೊಸ ಶೀರ್ಷಿಕೆ ತೊಟ್ಟು ಅಂತರ್ಜಾಲದಲ್ಲಿ ಹರಿದಾಡಿದವು. ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿಯಾಗಲಿದೆ ಎಂಬ ಕಿರುಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ನೆಗೆದವು. ಸ್ವಾತಂತ್ರ್ಯೋತ್ಸವದ ಆ ದಿನಗಳಲ್ಲಿ ವಿದ್ಯಾರ್ಥಿಗಳು, ಹೋಟೆಲು ಕೆಲಸಗಾರರು, ಕಾವಲುಗಾರರು ಸಾವಿರಾರು ಸಂಖ್ಯೆಯಲ್ಲಿ ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಒಮ್ಮೆಗೆ ಐದಕ್ಕಿಂತ ಹೆಚ್ಚು ಮಂದಿಗೆ ಸಂದೇಶ ಕಳುಹಿಸದಂತೆ ಕೇಂದ್ರ ಸರ್ಕಾರವು ಕೆಲವು ದಿನಗಳ ಮಟ್ಟಿಗೆ ನಿರ್ಬಂಧ ಹೇರಿತು. ಭಯಪಟ್ಟ ದಾಳಿಯು ನಡೆಯಲೇ ಇಲ್ಲ. ಆದರೆ ನೆರೆಯವನ ಮೇಲಿನ ನಂಬಿಕೆಗೆ ಬಿದ್ದ ಪೆಟ್ಟು ನಿಜವಾದದ್ದೇ.

ಆರು ವರ್ಷಗಳ ತರುವಾಯ, 2018ರ ಜುಲೈ 13ರಂದು, ಬೀದರ್ ಜಿಲ್ಲೆಯಲ್ಲಿ ಇದಕ್ಕಿಂತಲೂ ಘೋರವಾದುದು ನಡೆಯಿತು. ಕಾರಿನಲ್ಲಿ ಬಂದಿದ್ದ ಕೆಲವು ಯುವಕರು ಹಳ್ಳಿಯ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರೆಂಬ ಸಂದೇಹ ಹುಟ್ಟಿ, ವಾಟ್ಸ್‌ಆ್ಯಪಿನಲ್ಲಿ ಸಂದೇಶ ಹರಡಿತು. ಅವರು ತಪ್ಪಿಸಿಕೊಂಡು ಹೊರಟರೂ ಸಂದೇಶವು ಕಾರಿಗಿಂತ ಮುಂದೆ ಓಡಿ ಮುರ್ಕಿ ಗ್ರಾಮವನ್ನು ತಲುಪಿತ್ತು. ಅಲ್ಲಿ ಜನರು ದಾರಿಗೆ ಅಡ್ಡಗಟ್ಟಿ ಹೊಡೆದರು. ಒಬ್ಬ ಯುವಕನು ಪ್ರಾಣ ಕಳೆದುಕೊಂಡನು. ರಕ್ಷಿಸಲು ಹೋದ ಪೊಲೀಸರೂ ಗಾಯಗೊಂಡರು.

ಓದುಗರೇ, ಟ್ರೆಂಟ್ ಮತ್ತು ಮುರ್ಕಿಗಳ ನಡುವೆ 543 ವರ್ಷಗಳ ಅಂತರವಿದೆ. ಸಾಧನಗಳು ಬೇರೆ, ಜನರು ಬೇರೆ. ಆದರೆ ಮಗುವಿಗೆ ಕೇಡಾಗುತ್ತದೆ ಎಂಬ ಭಯ ಒಂದೇ, ಹೊರಗಿನವನೇ ಅಪರಾಧಿ ಎಂಬ ತೀರ್ಮಾನವೂ ಒಂದೇ. ಸುಳ್ಳು ನಮ್ಮ ದುರ್ಗುಣವನ್ನು ಮಾತ್ರ ಏರಿ ಬರುವುದಿಲ್ಲ. ಮಕ್ಕಳ ಮೇಲಿನ ಪ್ರೀತಿಯೆಂಬ ಶ್ರೇಷ್ಠ ಗುಣದ ಹೆಗಲನ್ನೇರಿ ಬರುತ್ತದೆ. ಆದುದರಿಂದಲೇ ಸಜ್ಜನರೂ ಅದಕ್ಕೆ ವಾಹನವಾಗುತ್ತಾರೆ.

ಇದಕ್ಕೆ ಪರಿಹಾರವೇನು? ಕಾನೂನು ಬೇಕು, ಆದರೆ ಅದಕ್ಕೂ ಮಿತಿಯುಂಟು. ಅಂತರ್ಜಾಲದ ಮಾತುಗಳನ್ನು ದಂಡಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ವಿಧಿಯು ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ತರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ಅದನ್ನು ರದ್ದುಪಡಿಸಿತು. ಸುಳ್ಳನ್ನು ಕಟ್ಟಲು ಹೊರಟ ಹಗ್ಗವು ಸತ್ಯದ ಕೊರಳನ್ನೂ ಬಿಗಿಯಬಲ್ಲದು. 2018ರಲ್ಲಿ ವಾಟ್ಸ್‌ಆ್ಯಪ್ ಸಂಸ್ಥೆಯೇ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಮುಂದೂಡುವಂತೆ ಮಿತಿ ಹಾಕಿತು. ಓಟ ನಿಧಾನವಾಯಿತು, ನಿಲ್ಲಲಿಲ್ಲ.

ಉಳಿದಿರುವ ಕಾವಲು ನಮ್ಮ ಮನೆಯೇ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದರು ನಮ್ಮ ಹಿರಿಯರು. ಕುಟುಂಬದ ಗುಂಪಿಗೆ ಆತಂಕದ ಸಂದೇಶವೊಂದು ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ಇದನ್ನು ಮೊದಲು ಹೇಳಿದವರು ಯಾರು? ಈ ಚಿತ್ರ ಎಲ್ಲಿಯದು, ಎಂದಿನದು? ಇದು ಸುಳ್ಳಾಗಿದ್ದರೆ ಪೆಟ್ಟು ಬೀಳುವುದು ಯಾರಿಗೆ? ಉತ್ತರ ದೊರೆಯದಿದ್ದರೆ ಸಂದೇಶ ನಮ್ಮಲ್ಲಿಯೇ ನಿಲ್ಲಲಿ. ಟ್ರೆಂಟಿನ ಸುಳ್ಳನ್ನು ಅಳಿಸಲು 490 ವರ್ಷಗಳು ಬೇಕಾದವು. ಅದನ್ನು ಮುಂದಕ್ಕೆ ಸಾಗಿಸದೆ ನಿಲ್ಲಿಸಲು ಅರೆಗಳಿಗೆ ಸಾಕಾಗಿತ್ತು.