ಎಣಿಸದೆ ತೂಗಿದ ಲೆಕ್ಕ

ಮೊಳಕಾಲ್ಮುರು ತಾಲ್ಲೂಕಿನ ಕೊಂಡ್ಲಹಳ್ಳಿ ಶೇಂಗಾ ಸೀಮೆಯ ಊರು. ಇಲ್ಲಿ ಶೇಂಗಾವನ್ನು ಯಾರೂ ಎಣಿಸಿ ಮಾರುವುದಿಲ್ಲ, ತೂಗಿ ಮಾರುತ್ತಾರೆ. ಆದರೆ ತೂಕದಲ್ಲೇ ಎಣಿಕೆಯೂ ಅಡಗಿರುತ್ತದೆ. ಒಂದು ಶೇಂಗಾ ಬೀಜ ಒಂದು ಹೆಸರುಕಾಳಿನ ಹತ್ತರಷ್ಟು ತೂಗುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಕಿಲೋ ಹೆಸರುಕಾಳು, ಹತ್ತು ಕಿಲೋ ಶೇಂಗಾ ಬೀಜ ತೂಗಿಟ್ಟರೆ ಎರಡು ಚೀಲಗಳಲ್ಲೂ ಕಾಳುಗಳ ಸಂಖ್ಯೆ ಒಂದೇ. ಆ ಸಂಖ್ಯೆ ಎಷ್ಟೆಂದು ತಿಳಿಯಬೇಕಾಗಿಯೇ ಇಲ್ಲ.

ರಸಾಯನಶಾಸ್ತ್ರದ 'ಮೋಲ್' ಇಷ್ಟೇ. ಹೈಸ್ಕೂಲು ಮಕ್ಕಳನ್ನು ಕಾಡುವ ಈ ಕಲ್ಪನೆ ರೂಪುಗೊಳ್ಳಲು ಮಾತ್ರ ಒಂದು ಶತಮಾನವೇ ಬೇಕಾಯಿತು.

ಇಂಗ್ಲೆಂಡಿನ ಜಾನ್ ಡಾಲ್ಟನ್ 1808ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಜಲಜನಕದ ಪರಮಾಣುವನ್ನು 1 ಎಂದಿಟ್ಟುಕೊಂಡು ಉಳಿದವುಗಳ ಸಾಪೇಕ್ಷ ತೂಕ ಹೇಳಿದರು. ನೀರಿನಲ್ಲಿ ಒಂದು ಪಾಲು ಜಲಜನಕಕ್ಕೆ ತೂಕದಲ್ಲಿ ಸುಮಾರು ಎಂಟು ಪಾಲು ಆಮ್ಲಜನಕವಿದೆ. ಡಾಲ್ಟನ್‌ಗೆ ಸಿಕ್ಕ ಅಂಕಿ 7. ಒಂದಕ್ಕೆ ಒಂದರಂತೆ ಪರಮಾಣುಗಳು ಕೂಡುತ್ತವೆ ಎಂದು ಅವರು ಊಹಿಸಿದ್ದರು. ಒಂದು ಆಮ್ಲಜನಕಕ್ಕೆ ಎರಡು ಜಲಜನಕ ಎಂದಾದರೆ ಆಮ್ಲಜನಕದ ತೂಕ 16 ಆಗುತ್ತದೆ. ಯಾವುದು ಸರಿ?

ಉತ್ತರದ ಕೀಲಿ ಕೊಟ್ಟವರು ಇಟಲಿಯ ಅವೊಗಾಡ್ರೊ. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆ ಸಮ ಎಂದು ಅವರು 1811ರಲ್ಲೇ ಹೇಳಿದರು. ಹೆಚ್ಚಿನವರು ಕಿವಿಗೊಡಲಿಲ್ಲ. ಅವೊಗಾಡ್ರೊ 1856ರಲ್ಲಿ ತೀರಿಕೊಂಡರು. ಜರ್ಮನಿಯ ಕಾರ್ಲ್ಸ್‌ರೂಯಲ್ಲಿ 1860ರಲ್ಲಿ ರಸಾಯನಶಾಸ್ತ್ರಜ್ಞರು ಸಭೆ ಸೇರಿದಾಗ ಅವರದೇ ದೇಶದ ಕ್ಯಾನಿಜಾರೊ ಆ ಮಾತನ್ನು ಎತ್ತಿಹಿಡಿದರು. ಗೊಂದಲ ತಿಳಿಯಾಗತೊಡಗಿದ್ದು ಆನಂತರವೇ.

ಈ ಕಥೆಗೆ ನಮ್ಮ ಜಿಲ್ಲೆಯ ನಂಟೂ ಉಂಟು. ರ‍್ಯಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ 1898ರಲ್ಲಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಅನಿಲಗಳನ್ನು ಪತ್ತೆಹಚ್ಚಿದರು. ಅವು ಯಾವುದರೊಂದಿಗೂ ಕೂಡದ ಅನಿಲಗಳೆಂದೇ ಆಗ ತೋರಿದ್ದರಿಂದ ಡಾಲ್ಟನ್ನರ ದಾರಿ ಮುಚ್ಚಿತ್ತು. ಸಾಂದ್ರತೆ ಅಳೆದು, ಅವೊಗಾಡ್ರೊ ನಿಯಮ ನೆಚ್ಚಿ ಅವುಗಳ ತೂಕ ಕಂಡುಕೊಳ್ಳಬೇಕಾಯಿತು. ಮುಂದೆ ಟ್ರಾವರ್ಸ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾದರು. ಅದೇ ಸಂಸ್ಥೆಯ ಇನ್ನೊಂದು ಆವರಣ ಇಂದು ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದ್ದು, ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ.

'ಮೋಲ್' ಎಂಬ ಹೆಸರನ್ನು ಬಳಕೆಗೆ ತಂದವರು ಜರ್ಮನಿಯ ಓಸ್ಟ್‌ವಾಲ್ಡ್. ಸಾಪೇಕ್ಷ ತೂಕವನ್ನು ಗ್ರಾಂನಲ್ಲಿ ತೆಗೆದುಕೊಂಡರೆ ಒಂದು ಮೋಲ್: ಇಂಗಾಲವಾದರೆ 12 ಗ್ರಾಂ, ನೀರಾದರೆ 18 ಗ್ರಾಂ. ವಿಚಿತ್ರವೆಂದರೆ, ಆ ಹೊತ್ತಿಗೆ ಅವರಿಗೆ ಪರಮಾಣುಗಳ ಇರುವಿಕೆಯಲ್ಲೇ ನಂಬಿಕೆಯಿರಲಿಲ್ಲ. ಆದರೂ ಲೆಕ್ಕ ತಪ್ಪಲಿಲ್ಲ. ತಕ್ಕಡಿಗೆ ಅನುಪಾತ ಸಾಕಿತ್ತು.

ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳನ್ನು ಅಭ್ಯಸಿಸಿ ಫ್ರಾನ್ಸಿನ ಪೆರ‍್ಯಾನ್ 1909ರ ಹೊತ್ತಿಗೆ ಆ ಸಂಖ್ಯೆಯನ್ನು ನಂಬುವಂತೆ ಅಂದಾಜು ಮಾಡಿ, ಅದಕ್ಕೆ ಅವೊಗಾಡ್ರೊ ಹೆಸರಿಟ್ಟರು. ರಸಾಯನಶಾಸ್ತ್ರದ ತೂಕದ ಕಲ್ಲೂ 1961ರಲ್ಲಿ ಬದಲಾಗಿ, ಇಂಗಾಲ-12 ಅಳತೆಗೋಲಾಯಿತು. ಕೊನೆಗೆ 2019ರ ಮೇ 20ರಿಂದ ಒಂದು ಮೋಲ್ ಎಂದರೆ ನಿಖರವಾಗಿ 602214076ರ ಮುಂದೆ 15 ಸೊನ್ನೆಗಳಷ್ಟು ಕಣಗಳು ಎಂದು ನಿಗದಿಯಾಯಿತು.

ಚರಿತ್ರೆಯಲ್ಲಿ ಅನುಪಾತ ಮೊದಲು ಬಂತು, ಸಂಖ್ಯೆ ಕಡೆಗೆ. ಪಾಠದಲ್ಲಿ ಅನೇಕ ವೇಳೆ ಸಂಖ್ಯೆಯೇ ಮೊದಲು. ಅದನ್ನು ಬಾಯಿಪಾಠ ಮಾಡಿಸುವ ಮುನ್ನ ಮಕ್ಕಳ ಕೈಗೆ ಒಂದು ತಕ್ಕಡಿ, ಒಂದಿಷ್ಟು ಶೇಂಗಾ ಬೀಜ, ಹೆಸರುಕಾಳು ಕೊಟ್ಟು ನೋಡಬಹುದು.